ಓಜಾನ್ ಮುಟ್ಟಿದ ಶಿರಸ್ತ್ರಾಣ

ಅಕ್ಷರ ಸೊಟ್ಟಗಿದ್ದರೆ ಮನ್ನಿಸಿ. ಮಠದ ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು ನಾನು, ಮಾತೂ ತಡವರಿಸುತ್ತದೆ. ಆದರೂ ಓಜಾನ್ ಚಿಕ್ಕಮ್ಮನ ವಿಷಯವನ್ನು ಏನೂ ಸೇರಿಸದೆ ಬರೆದಿದ್ದೇನೆ.

ಓಜಾನ್ ನಮ್ಮ ಸೋಮ್ಯೂರಿನಲ್ಲಿ, ಲ್ವಾರ್ ಹೊಳೆಯ ದಂಡೆಯಲ್ಲಿ, ಊರಿನ ಬಟ್ಟೆ ಒಗೆದೇ ಕೂದಲು ನರೆತವಳು. ಈ ವಸಂತದಲ್ಲಿ ಎಮರಿ ಎಂಬ ಸರದಾರ ಹೆಂಡದಂಗಡಿಯಲ್ಲಿ ಕೂತು, "ನನ್ನ ಒಳ್ಳೇ ಅಂಗಿ ಕದ್ದವಳು ಅವಳೇ" ಎಂದುಬಿಟ್ಟ. ಅಂದಿನಿಂದ ಒಂದೊಂದೇ ಮನೆ ಬಟ್ಟೆ ಕೊಡುವುದನ್ನು ನಿಲ್ಲಿಸಿತು. ಅವಳು ಓಣಿಗೆ ಬಂದರೆ ಹಗ್ಗದ ಮೇಲಿನ ಬಟ್ಟೆಗಳು ಒಳಗೆ ಹೋಗುತ್ತಿದ್ದವು.

ಕುದುರೆ ಕಾಳಗದ ಪಂದ್ಯದ ಹಿಂದಿನ ದಿನ ಸರದಾರರ ಶಿರಸ್ತ್ರಾಣಗಳನ್ನೆಲ್ಲ ಮಠದ ಪಡಸಾಲೆಯಲ್ಲಿ ಸಾಲಾಗಿ ಇಡುತ್ತಾರೆ. ಹೆಂಗಸರು ನೋಡುತ್ತ ನಡೆಯುತ್ತಾರೆ. ತನ್ನ ಮೇಲೆ ಕೆಟ್ಟ ಮಾತಾಡಿದವನ ಶಿರಸ್ತ್ರಾಣವನ್ನು ಯಾರಾದರೂ ಮುಟ್ಟಿದರೆ ವಿಚಾರಣೆ. ತಪ್ಪು ನಿಜವಾದರೆ ಅವನಿಗೆ ಪಂದ್ಯವಿಲ್ಲ, ಪಂದ್ಯದ ಬಯಲಿನ ಬೇಲಿಯ ಮೇಲೆ ಕೂತು ತನ್ನ ಮಾತು ಸುಳ್ಳೆಂದು ಕೂಗಿ ಹೇಳುವ ಶಿಕ್ಷೆ. ದೊಡ್ಡ ಮನೆತನದ ಹೆಂಗಸರ ನಡುವೆ ನುಗ್ಗಿದ ಓಜಾನ್, ಹಂಸದ ಗುರುತಿದ್ದ ಎಮರಿಯ ಶಿರಸ್ತ್ರಾಣದ ಮೇಲೆ ಕೈ ಇಟ್ಟೇಬಿಟ್ಟಳು.

"ಏಯ್ ಅಮ್ಮಾ, ಅದು ಒಗೆಯೋ ಕಲ್ಲಲ್ಲ!" ಡಂಗುರದವನು ಕೂಗಿದ. "ಇದೆಲ್ಲ ಒಡತಿಯರಿಗೆ."

"ಹೆಂಗಸರು ಅಂತ ತಾನೇ ನೀನು ಬೀದೀಲಿ ಸಾರಿದ್ದು? ನಾನೇನಪ್ಪಾ, ಹೋರಿನಾ?"

ಪಡಸಾಲೆಯೆಲ್ಲ ನಗು. ಓಜಾನ್ ಮಾತ್ರ ಕೈ ತೆಗೆಯಲಿಲ್ಲ.

ಮುದುಕ ತೀರ್ಪುಗಾರ ಎಮರಿಯನ್ನು ಕರೆಸಿದ.

"ಒಡೆಯಾ, ಬಟ್ಟೆ ಒಗೆಯೋಳ ಬಗ್ಗೆ ಆಡಿದ್ದೂ ಒಂದು ಮಾತಾ?" ಎಂದು ಎಮರಿ ನಕ್ಕ.

"ಅಂದ್ರೆ ಆಡಿದ್ದು ಹೌದು. ಅವಳು ಕದ್ದಿದ್ದು ಕಂಡ್ಯಾ? ಕತ್ತಿ ಮುಟ್ಟಿ ಹೇಳು."

ಕತ್ತಿ ಮುಟ್ಟಿ ಸುಳ್ಳಾಡಿದವನು ಮತ್ತೆ ಸರದಾರನಲ್ಲ. ಎಮರಿಯ ನಗು ಇಳಿಯಿತು.

"ಇಲ್ಲ. ಅಂಗೀನ ಜೂಜಲ್ಲಿ ಸೋತಿದ್ದೆ."

"ಸರದಾರ ಆಗೋವಾಗ ಹೆಂಗಸರ ಮಾನ ಕಾಯ್ತೀನಿ ಅಂತ ಆಣೆ ಇಟ್ಯಲ್ಲ, ಯಾವ ಮನೆಯವರು ಅಂತ ಅದ್ರಲ್ಲಿ ಇತ್ತೇನೋ?" ಎಂದ ತೀರ್ಪುಗಾರ.

ಮರುದಿನ ಊರಿಗೆ ಊರೇ ನೋಡುತ್ತಿರಲು, ಎಮರಿ ಬೇಲಿಯ ಮರಕ್ಕೆ ಬಿಗಿದ ಜೀನಿನ ಮೇಲೆ ಕುದುರೆಯಿಲ್ಲದೆ ಕೂತಿದ್ದ.

"ಓಜಾನ್ ಕಳ್ಳಿಯಲ್ಲ!" ಎಂದು ಅವನು ಕೂಗಿದ.

"ಗಂಟಲು ಕಟ್ಟಿದೆಯಾ ಸ್ವಾಮಿ? ಹೊಳೆ ಆಚೆಯವರಿಗೂ ಕೇಳಿಸ್ಲಿ," ಎಂದಳು ಓಜಾನ್, ಸೊಂಟದ ಮೇಲೆ ಕೈಯಿಟ್ಟು.

ಅವನು ಮತ್ತೆ ಕೂಗಿದ. ಈ ಸಲ ಮಠದ ಪಾರಿವಾಳಗಳೆಲ್ಲ ಹಾರಿದವು. ಮೀನು ಮಾರುವ ಹೆಂಗಸರು ಓಜಾನಳನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅವಳು ಬಿದ್ದುಬಿದ್ದು ನಕ್ಕಳು, ಕಣ್ಣೂ ಒರೆಸಿಕೊಂಡಳು.

ಸಂಜೆಗೆ ಅವಳ ಬಾಗಿಲಲ್ಲಿ ಬಟ್ಟೆಯ ಗಂಟುಗಳು ಕಿಟಕಿಯೆತ್ತರಕ್ಕೆ ಬಿದ್ದಿದ್ದವು.

"ಒಬ್ಬಳ ಕೈಲಿ ಆಗೋದಲ್ಲ ಕಣೇ ಮಗಾ, ಬರ್ತೀಯಾ?" ಎಂದು ನನ್ನನ್ನು ಕೇಳಿದಳು. ತಲೆಯಾಡಿಸಿದೆ. ನಾಳೆ ಬೆಳಿಗ್ಗೆ ಅವಳೊಂದಿಗೆ ಹೊಳೆಗೆ ಹೋಗಿ ಬಟ್ಟೆ ಒಗೆಯುತ್ತೇನೆ.