ಅರಸೀಕೆರೆ ಕೋರ್ಟಿನ ಪ್ರತಿಕೂಲ ಸಾಕ್ಷಿ

ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಎಲ್ಲ ಕೆಟ್ಟಿತು. ಅರಸೀಕೆರೆ ಸ್ಟೇಷನ್ನಿನ ಗಡಿಯಾರ ನೋಡಿಕೊಂಡು ಬೇಲೂರಿನ ಬಸ್ಸು ಹಿಡಿಯಲು ಹೊರಟಿದ್ದೆ. ಬಿ.ಎ. ಮುಗಿಸಿ ಬೇಲೂರಿನಲ್ಲಿ ಮೇಷ್ಟ್ರಾಗಿ ಎರಡು ವರ್ಷವಾಗಿತ್ತು. ತೆಂಗಿನಕಾಯಿ ಮಂಡಿಯ ಮುಂದೆ ಆ ಮಂಡಿಯ ಸಾಹುಕಾರರ ತಮ್ಮನ ಮಗ ಗಾಡಿಯವನೊಬ್ಬನ ಬೆನ್ನಿಗೆ ಹಿಂದಿನಿಂದ ಮಚ್ಚು ಬೀಸಿದ. ಎರಡನೆಯ ಏಟು ಪಕ್ಕದಲ್ಲಿದ್ದ ನನ್ನತ್ತ ಬಂತು. ಮೂಟೆ ಹೊರುವ ಹಮಾಲಿಯೊಬ್ಬ ಹಾರಿ ಅವನ ಮಣಿಕಟ್ಟು ಹಿಡಿಯದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಕಿವಿಯ ಪಕ್ಕ ಹಾದುಹೋದ ಆ ಗಾಳಿ ಇಂದಿಗೂ ತಟ್ಟುತ್ತದೆ.

ಹೊಡೆದವನು ಓಡಿದ. ಮಚ್ಚು ಕಿತ್ತುಕೊಂಡ ಹಮಾಲಿ ಗಾಯಾಳುವನ್ನು ಎತ್ತಿಕೊಂಡಿದ್ದ. ಪೊಲೀಸರು ಬಂದಾಗ ಕಂಡದ್ದು ಅವನ ಅಂಗಿಯ ಮೇಲಿನ ರಕ್ತ. ಅವನನ್ನೇ ಹಿಡಿದರು. ಬೆನ್ನಿಗೆ ಏಟು ತಿಂದ ಗಾಡಿಯವನು ಹೊಡೆದವನನ್ನು ನೋಡಿರಲಿಲ್ಲ.

ಠಾಣೆಯಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ದಫೇದಾರ ಬರೆದುಕೊಂಡ.

"ಓದಿ ಹೇಳಿ, ಸಹಿ ಹಾಕ್ತೀನಿ" ಎಂದೆ.

"ಸಾಕ್ಷಿ ಹೇಳಿಕೆಗೆ ಸಹಿ ಹಾಕಿಸೋ ಹಂಗಿಲ್ಲ ಮೇಷ್ಟ್ರೇ, ಕಾನೂನು. ನಿಮ್ ಬಸ್ಸು ಹೋಯ್ತದೆ, ಹೊರಡಿ."

ಕಾನೂನು ನಿಜಕ್ಕೂ ಹಾಗೇ ಇತ್ತು. ಬರೆದದ್ದೇನೆಂದು ಗೊತ್ತಾದದ್ದು ತಿಂಗಳುಗಳ ನಂತರ, ಸಾಕ್ಷಿ ಕಟ್ಟೆಯಲ್ಲಿ. ಹೊಡೆದವನು ಹಮಾಲಿಯಲ್ಲ, ಸಾಹುಕಾರರ ತಮ್ಮನ ಮಗ ಎಂದ ಕೂಡಲೇ ಸರ್ಕಾರಿ ವಕೀಲರ ಮುಖ ಗಂಟಾಯಿತು. ಹಮಾಲಿಯೇ ಹೊಡೆದದ್ದನ್ನು ಕಣ್ಣಾರೆ ಕಂಡೆನೆಂದು ನನ್ನ ಹೆಸರಿನಲ್ಲಿದ್ದ ಹೇಳಿಕೆಯನ್ನು ಓದಿದರು.

"ನಾನು ಹಾಗೆ ಹೇಳಿಯೇ ಇಲ್ಲ."

"ಸ್ವಾಮಿ, ಈ ಸಾಕ್ಷಿ ಪ್ರತಿಕೂಲ. ಪಾಟಿ ಸವಾಲಿಗೆ ಅನುಮತಿ ಕೊಡಬೇಕು" ಎಂದು ಸರ್ಕಾರಿ ವಕೀಲರು ಮ್ಯಾಜಿಸ್ಟ್ರೇಟರನ್ನು ಕೇಳಿದರು.

ಅನುಮತಿ ಸಿಕ್ಕಿತು. ನನ್ನನ್ನು ಕರೆಸಿದವರೇ ನನ್ನನ್ನು ಸುಳ್ಳುಗಾರನೆಂದು ತೋರಿಸಲು ಮುಗಿಬಿದ್ದರು. ಮಚ್ಚು ಬೀಸಿದವನು ಹಿಂದಿನ ಬೆಂಚಿನಲ್ಲಿ ಕೂತು ಎಲೆ ಅಡಿಕೆ ಮಡಚುತ್ತಿದ್ದ.

ಹೊರಗೆ ಹಮಾಲಿಯ ವಕೀಲರು ನನ್ನ ಭುಜ ತಟ್ಟಿದರು.

"ಪ್ರತಿಕೂಲ ಅಂದ್ರೆ ಸುಳ್ಳುಗಾರ ಅಂತಲ್ಲ ಕಣ್ರೀ. ಕರೆಸಿದವರೇ ತಮ್ಮ ಸಾಕ್ಷೀನ ಎದುರು ಕಡೆಯವನ ಹಾಗೆ ಕೆದಕಿ ಕೇಳೋಕೆ ಅನುಮತಿ, ಅಷ್ಟೆ. ನೀವು ಹೇಳಿದ ಮಾತು ದಾಖಲೆಯಲ್ಲೇ ಇರುತ್ತೆ. ನಂಬೋದು ಬಿಡೋದು ಮ್ಯಾಜಿಸ್ಟ್ರೇಟರಿಗೆ ಬಿಟ್ಟದ್ದು."

"ಇದನ್ನ ಊರಿಗೆ ಯಾರು ಹೇಳ್ತಾರೆ ಸಾರ್?"

ಅವರು ನಕ್ಕರು. ನನಗೆ ನಗು ಬರಲಿಲ್ಲ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಆಗಲೇ ಒಬ್ಬ ಕೂಗಿದ: "ಏನ್ ಮೇಷ್ಟ್ರೇ, ಉಲ್ಟಾ ಹೊಡುದ್ರಂತೆ? ಹಮಾಲಿ ಹೆಂಡ್ರು ಕೋಳಿ ಕುಯ್ದು ಇಕ್ಕುದ್ಲಾ?" ಎಲ್ಲರೂ ಗೊಳ್ಳೆಂದರು. ಹೇಳದ ಮಾತನ್ನು ಬರೆದ ದಫೇದಾರನಿಗೆ ಕೋರ್ಟಿನಲ್ಲಿ ಯಾವ ಹೆಸರೂ ಅಂಟಲಿಲ್ಲ. ಹೇಳಿದ್ದಕ್ಕೆ ಬದ್ಧನಾಗಿ ನಿಂತ ನನಗೆ ಮಾತ್ರ ಅಂಟಿತು. ಇದೆಂಥ ನ್ಯಾಯ?

ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿಗೆ ಬಂದು ಕೂತವನು ಅವನೇ, ಸಾಹುಕಾರರ ತಮ್ಮನ ಮಗ.

"ಹಳೇಬೀಡಿನ ಗಂಟ ನಿಮ್ ಜೊತೆ ಬತ್ತೀನಿ ಮೇಷ್ಟ್ರೇ. ಬೇಲೂರ್ನಾಗೆ ನಿಮ್ಮನೆ ದೇವಸ್ಥಾನದ ಹಿಂದುಗಡೆ ಐತಲ್ವಾ?"

ಅಷ್ಟೇ ಅಂದ. ಅಂದಿನಿಂದ ರಾತ್ರಿ ಬೆಕ್ಕು ಹೆಂಚಿನ ಮೇಲೆ ಓಡಾಡಿದರೂ ಎದ್ದು ಕೂರುತ್ತಿದ್ದೆ. ನನ್ನ ಮಾತನ್ನು ಕೋರ್ಟು ತಳ್ಳಿಹಾಕಿದರೆ ನನ್ನ ಜೀವ ಉಳಿಸಿದವನು ಜೈಲಿಗೆ ಹೋಗುತ್ತಾನೆಂಬ ಯೋಚನೆ ಅದಕ್ಕಿಂತ ಹೆಚ್ಚು ಕಾಡುತ್ತಿತ್ತು.

ತೀರ್ಪಿನ ದಿನ ಮತ್ತೆ ಅರಸೀಕೆರೆಗೆ ಹೋದೆ. ಪ್ರತಿಕೂಲನೆಂದ ಮಾತ್ರಕ್ಕೆ ಈ ಸಾಕ್ಷಿಯ ಮಾತು ಬಿದ್ದುಹೋಗದು, ಇದು ನಂಬಲರ್ಹ ಎಂದರು ಮ್ಯಾಜಿಸ್ಟ್ರೇಟರು. ಹಮಾಲಿ ಬಿಡುಗಡೆಯಾದ. ಹೊಡೆದವನ ಮೇಲೆ ಕೇಸೇ ಆಗಲಿಲ್ಲ. ಆ ಸಿಟ್ಟು ಇನ್ನೂ ಆರಿಲ್ಲ. ಆದರೆ ಹಮಾಲಿ ಹೆಂಡತಿಯೊಂದಿಗೆ ಕೋರ್ಟಿನ ಮೆಟ್ಟಿಲಿಳಿದು ನಡೆದುಹೋದದ್ದನ್ನು ನೋಡಿ ಬಂದವನು ಅಂದು ರಾತ್ರಿ ಚಾಪೆಯ ಮೇಲೆ ಬಿದ್ದೆ. ಬೆಳಗ್ಗೆ ಹಾಲಿನವಳು ಬಾಗಿಲು ಬಡಿದಾಗಲೇ ಎಚ್ಚರವಾದದ್ದು.