ಅತ್ತಿಗೆಯ ಹತ್ತಿ, ನನ್ನ ಕೋಳಿ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದು. ಯಾರಿಗೂ ಹೇಳಬೇಡ ಎಂದು ಅತ್ತಿಗೆ ಕೇಳಿಕೊಂಡಿದ್ದ ಸಂಗತಿಯೊಂದನ್ನು ನಾನು ನಮ್ಮ ಮನೆಯ ಜಗಲಿಯ ಮೇಲೆ, ಕೇರಿಯ ಹೆಂಗಸರೆಲ್ಲ ನೆರೆದಿರುವಾಗ, ಬಯಲು ಮಾಡಿದೆ. ಹೇಳಲಿಲ್ಲ. ಕೊಟ್ಟ ಮಾತಿಗೆ ತಪ್ಪುವವನಲ್ಲ ನಾನು. ಮಾಡಿ ತೋರಿಸಿದೆ. ಬಾಯಿ ಮುಚ್ಚಿಕೊಂಡೇ ಇನ್ನೊಬ್ಬರ ಮಾನ ಕಳೆಯುವ ಜನರ ಪಂಕ್ತಿಯಲ್ಲಿ ನನಗೂ ಒಂದು ಮಣೆ ಹಾಕಬೇಕು.

ಅಣಕಿಸುವುದು ನನಗೆ ಸಣ್ಣಂದಿನಿಂದ ಅಂಟಿದ ಚಟ. ಶಿರಸಿಯ ಮೋಟಾರು ಸ್ಟ್ಯಾಂಡಿನ ಏಜೆಂಟ “ಬರ್ರಿ ಬರ್ರಿ, ಹುಬ್ಬಳ್ಳಿ ಗಾಡಿ ಬಿಟ್ಟತ್ರಿ” ಎಂದು ಕೂಗಿ, ಇನ್ನೂ ಡ್ರೈವರನೇ ಹತ್ತದ ಗಾಡಿಯ ಕಡೆಗೆ ಜನರನ್ನು ಓಡಿಸುವುದು. ಕಚೇರಿಯ ಮರಾಠಿ ಸಾಹೇಬರು ಕನ್ನಡವನ್ನು ಬಿಸಿ ಗೆಣಸಿನ ಹಾಗೆ ಬಾಯಲ್ಲಿ ಹೊರಳಿಸುವುದು. ನಮ್ಮ ಆಯಿ ಮೊದಲು ಸೆರಗು ಸಿಕ್ಕಿಸಿಕೊಂಡು, ಯಾರಿಗೆ ಬಯ್ಯುವುದೆಂದು ಆಮೇಲೆ ಹುಡುಕುವುದು — ಎಲ್ಲವೂ ನನ್ನಲ್ಲಿ ತಯಾರಿದ್ದವು. ನನ್ನನ್ನೂ ನಾನು ಬಿಟ್ಟವನಲ್ಲ. ಕನ್ನಡಿಯ ಮುಂದೆ ನಿಂತು ಇನ್ನೂ ಬಾರದ ಮೀಸೆಯನ್ನು ತಿರುವುವ ನನ್ನನ್ನೇ ಮಾಡಿ ತೋರಿಸಿದಾಗ ಅಪ್ಪಯ್ಯನೂ ನಕ್ಕುಬಿಟ್ಟಿದ್ದ. ನಕ್ಕಿದ್ದಕ್ಕೆ ಸಿಟ್ಟು ಬಂದು ನನಗೆ ಬಯ್ದಿದ್ದ.

ಆ ವರ್ಷ ಅಣ್ಣನಿಗೆ ಯಲ್ಲಾಪುರದಲ್ಲಿ ನಾಟಾ ವ್ಯಾಪಾರಿಯೊಬ್ಬರ ಹತ್ತಿರ ಕಾರಕೂನನ ಕೆಲಸ ಸಿಕ್ಕಿ, ಅದರ ಬೆನ್ನಿಗೇ ಮದುವೆಯೂ ಆಗಿತ್ತು. ಮಗನಿಗೆ ಕೆಲಸ ಸಿಕ್ಕರೆ ದೇವರಿಗೆ ಲಕ್ಷ ಬತ್ತಿ ಹಚ್ಚಿಸುತ್ತೇನೆಂದು ಆಯಿ ಹರಕೆ ಹೊತ್ತಿದ್ದಳು. ಲಕ್ಷ ಎಂದರೆ ಬಾಯಿಮಾತಿನ ಲಕ್ಷವಲ್ಲ, ಹತ್ತಿಯಿಂದ ಹೊಸೆದು, ತುಪ್ಪದಲ್ಲಿ ನೆನೆಸಿ, ಕಾರ್ತಿಕದಲ್ಲಿ ಉರಿಸಬೇಕಾದ ಲಕ್ಷ. ಒಂದು ಮನೆಯವರಿಂದ ಆಗುವ ಕೆಲಸವಲ್ಲವೆಂದು ಮಧ್ಯಾಹ್ನದ ಊಟ ಮುಗಿದದ್ದೇ ಕೇರಿಯ ಹೆಂಗಸರು ನಮ್ಮ ಜಗಲಿಗೆ ಬಂದು ಕೂರುತ್ತಿದ್ದರು. ಹರಕೆ ತೀರಿದ ಮರುವಾರ ಅತ್ತಿಗೆಯನ್ನು ಯಲ್ಲಾಪುರಕ್ಕೆ ಕಳಿಸುವುದೆಂದು ನಿಶ್ಚಯವಾಗಿತ್ತು. ಅಣ್ಣ ಅಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಿದ್ದ. ಮದುವೆಯಾದಂದಿನಿಂದ ಗಂಡನ ಜೊತೆ ನೆಟ್ಟಗೆ ನಾಲ್ಕು ಮಾತಾಡಲು ಅವಳಿಗೆ ಸಿಕ್ಕಿದ್ದು ಅವನು ಬಂದುಹೋಗುವ ಭಾನುವಾರಗಳು ಮಾತ್ರ, ಅದೂ ಮನೆಯವರೆಲ್ಲ ಕಣ್ಣು ಬಿಟ್ಟುಕೊಂಡು ಕೂತಿರುವಾಗ. ಅವಳ ಟ್ರಂಕು ನವರಾತ್ರಿಗೆ ಮುಂಚೆಯೇ ತುಂಬಿ ಕೂತಿತ್ತು.

ಅತ್ತಿಗೆ ಸಿದ್ದಾಪುರದ ಕಡೆಯ ತ್ಯಾಗಲಿಯವಳು, ನನಗಿಂತ ತುಸುವೇ ದೊಡ್ಡವಳು. ಅವಳ ತವರು ಚಳವಳಿಯಲ್ಲಿ ಸರಕಾರಕ್ಕೆ ಕರ ಕೊಡುವುದಿಲ್ಲವೆಂದು ಹಟ ಹಿಡಿದ ಮನೆ. ಅಪ್ಪ ಜೈಲಿಗೆ ಹೋಗಿದ್ದಾಗ ಜಪ್ತಿಗೆ ಬಂದ ಪೋಲೀಸರು ಹಂಡೆ ಕೊಪ್ಪರಿಗೆ ಹೊತ್ತರಂತೆ. ಬಾಗಿಲಲ್ಲಿ ನಿಂತಿದ್ದ ಈ ಹುಡುಗಿ, “ಹಂಡೆಲಿ ನೀರಿದ್ದು, ಚೆಲ್ಲಿಕ್ಕಿ ತಗಂಡು ಹೋಗಿ, ಸೊಂಟ ಹಿಡಿತು” ಅಂದಿದ್ದಳಂತೆ. ಅಂಥವಳು.

ಮಳೆ ಕಡಿಮೆಯಾದ ಮೇಲೆ ಒಂದು ದಿನ ಕೇರಿಗೆ ಪಿಂಜಾರ ಬಂದ. ಎದುರು ಮನೆಯವರು ಗಾದಿ ಬಿಚ್ಚಿ ಹತ್ತಿಯನ್ನು ಅಂಗಳಕ್ಕೆ ಸುರಿದರು. ಅವನು ತನ್ನ ಬಿಲ್ಲಿನಿಂದ ಟೊಂಯ್ ಟೊಂಯ್ ಎಂದು ಹಿಂಜತೊಡಗಿದ. ಆ ಸದ್ದು ಕಲಿಯೋಣವೆಂದು ಓಡಿದವನು ನೀರು ಕುಡಿಯಲು ಒಳಗೆ ಬಂದರೆ, ಬಚ್ಚಲಲ್ಲಿ ಹಂಡೆಯ ಹಿಂದೆ ಅತ್ತಿಗೆ ಮುದುಡಿ ಕೂತಿದ್ದಾಳೆ. ಎರಡೂ ಕಿವಿ ಮುಚ್ಚಿಕೊಂಡಿದ್ದಾಳೆ. ತೋಳಿನ ಮೇಲೆ ಹಾಗಲಕಾಯಿಯ ಸಿಪ್ಪೆಯ ಹಾಗೆ ಮುಳ್ಳು ಎದ್ದಿದೆ.

“ಎಂತಾತು ಅತ್ತಿಗೆ? ಹಾವು ಬಂತಾ?”

“ಹಾವಾಗಿದ್ರೆ ಬಡಿಗೆ ಹುಡುಕ್ತಿದ್ದಿ. ಅಂವ ಹತ್ತಿ ಹಿಂಜ್ತಾ ಇದ್ದ, ತಮಾ.”

“ಹತ್ತಿಗೆ ಎಂತಕ್ಕೆ ಹೆದರದು?”

“ಗೊತ್ತಿಲ್ಲೆ. ಅದನ್ನ ಎಳೆಯಕಾದ್ರೆ ಒಂದು ಸದ್ದಾಗ್ತಲ, ಅದು ಹಲ್ಲಿನ ಬೇರಿಗೆ ಹೋಗ್ತು. ಮುಟ್ಟಿದ್ರೆ ಬೆನ್ನೆಲ್ಲ ನೀರಾಗ್ತು. ನೂಲಾದ್ರೆ ಅಡ್ಡಿಲ್ಲೆ, ಸೀರೆಯಾದ್ರೆ ಅಡ್ಡಿಲ್ಲೆ. ಹತ್ತಿಯಾಗಿ ಇಪ್ಪಕಾದ್ರೆ ಮಾತ್ರ.”

ತವರಿನಲ್ಲಿ ಎಲ್ಲರೂ ತಕಲಿ ಹಿಡಿದು ನೂಲುವಾಗ ಇವಳೊಬ್ಬಳು ಕೊಟ್ಟಿಗೆ ಕೆಲಸಕ್ಕೆ ಹೋಗಿಬಿಡುತ್ತಿದ್ದಳಂತೆ. ಖಾದಿಯ ಮನೆಯಲ್ಲಿ ನೂಲದ ಮಗಳು ಎಂದು ಅಪ್ಪ ನೊಂದುಕೊಂಡರೂ ಕಾರಣ ಹೇಳಲು ಅವಳಿಗೆ ಬಾಯಿ ಬಂದಿರಲಿಲ್ಲ. ನಮ್ಮಲ್ಲಿಯೂ ಅದೇ ಉಪಾಯ. ಬತ್ತಿಗೆ ಕೂರುವ ಹೊತ್ತಿಗೆ ಬೀಸುವುದು, ಕುಟ್ಟುವುದು, ಬಂದವರಿಗೆಲ್ಲ ಕುಡಿಯಲು ಆಸ್ರಿಗೆ ಮಾಡಿ ಲೋಟ ತೊಳೆಯುವುದು. ಇಂಥ ಕೆಲಸಗಾತಿ ಸೊಸೆ ಕೇರಿಯಲ್ಲೇ ಇಲ್ಲವೆಂದು ಆಯಿ ಹೊಗಳುತ್ತಿದ್ದಳು. ಆ ಹೊಗಳಿಕೆಯ ಅಡಿಯಲ್ಲಿ ಇದ್ದದ್ದು ಹೆದರಿಕೆ.

“ಯಾರ ಹತ್ರವೂ ಹೇಳಡ, ತಮಾ. ಅತ್ತೆ ಎಂತ ತಿಳ್ಕತ್ತೋ ಎಂತೋ.”

“ಹೇಳ್ತಿಲ್ಲೆ,” ಅಂದೆ. ಅಷ್ಟೇ ಅಲ್ಲ, ದೊಡ್ಡ ಮನುಷ್ಯನ ಹಾಗೆ ಅವಳ ಪಾಲಿನ ಬತ್ತಿಯನ್ನೂ ಅಟ್ಟದ ಮೇಲೆ ಕದ್ದು ಕೂತು ಹೊಸೆದುಕೊಟ್ಟೆ. ಕೆಲವು ದಿನ. ಆಮೇಲೆ ಬೇಸರ ಬಂತು. ಬತ್ತಿ ಹೊಸೆಯುವುದನ್ನು ನೋಡಿ ಯಾರೂ ನಗುವುದಿಲ್ಲವಲ್ಲ.

ಎದುರು ಮನೆಯ ಅಜ್ಜಿ ಎಂದರೆ ಕೇರಿಗೆಲ್ಲ ಅಂಜಿಕೆ. ವಿಧವೆ, ಮಡಿ ಹೆಂಗಸು. ಯಾರ ಗಾಳಿಯೂ ಸೋಕದಂತೆ ಜಗಲಿಯ ಆ ತುದಿಯಲ್ಲಿ ಬೇರೆಯೇ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಒಂದು ಮಧ್ಯಾಹ್ನ ಅವಳು ಕೇಳಿದಳು: “ಮಾಣಿ, ನಿನ್ನ ಅತ್ತಿಗೆ ಎಲ್ಲಿದ್ದು? ಬರೀ ಆಸ್ರಿಗೆ ಕೊಡದೇ ಆತು ಅದರ ಕೆಲಸ. ಗಂಡನ ಹರಕೆಗೆ ಒಂದು ಬತ್ತಿನಾದ್ರೂ ಹೊಸೆಯದು ಬೇಡ್ದಾ?”

ಕೇಳಿದ್ದು ನನ್ನನ್ನು. ಜಗಲಿ ತುಂಬ ಮುಖಗಳು ನನ್ನ ಕಡೆ ತಿರುಗಿದವು. ಇಷ್ಟು ಮುಖ ಒಟ್ಟಿಗೆ ತಿರುಗಿದರೆ ನನಗೆ ಒಳಗೇನೋ ಆಗುತ್ತದೆ. ಸುಮ್ಮನೆ ಎದ್ದೆ. ಅತ್ತಿಗೆಯ ಹಾಗೆ ನೆರಿಗೆ ಎತ್ತಿ ಹಿಡಿದು ನಡೆದೆ. ಅಷ್ಟಕ್ಕೇ ಗುರುತು ಸಿಕ್ಕಿ ನಗು ಹೊರಟಿತು. ಬುಟ್ಟಿಯಿಂದ ಹತ್ತಿಯ ಎಸಳೊಂದನ್ನು ಎತ್ತಿದೆ. ಕೆಂಡ ಮುಟ್ಟಿದವರಂತೆ ಬಿಟ್ಟೆ. ಹಲ್ಲು ಕಚ್ಚಿ, ಕಿವಿ ಮುಚ್ಚಿ, ಬೆನ್ನು ಗೋಡೆಗೆ ಸವರಿಕೊಂಡು ಹೋಗಿ, ಬುಟ್ಟಿಯನ್ನೇ ಹಂಡೆ ಮಾಡಿಕೊಂಡು ಅದರ ಹಿಂದೆ ಮುದುಡಿ ಕೂತೆ. ಜಗಲಿ ಬಿದ್ದು ಬಿದ್ದು ನಕ್ಕಿತು. ಅದಕ್ಕಿಂತ ಚೆನ್ನಾಗಿ ನಾನು ಯಾವತ್ತೂ ಮಾಡಿರಲಿಲ್ಲ.

ತಲೆ ಎತ್ತಿದರೆ ಬಾಗಿಲಲ್ಲಿ ಅತ್ತಿಗೆ. ಕೈಯಲ್ಲಿ ಲೋಟ ತುಂಬಿದ ಹರಿವಾಣ. ಒಂದು ಹನಿಯನ್ನೂ ಚೆಲ್ಲದೆ ಅದನ್ನು ಕೆಳಗಿಟ್ಟಳು.

ಅಜ್ಜಿಯ ನಗು ಎಲ್ಲರಿಗಿಂತ ಮೊದಲು ನಿಂತಿತು. “ಯಾರೂ ನಗಡಿ. ದೇವರ ಬತ್ತಿ ಕಂಡು ಹಿಂದೆ ಸರಿಯದು ಮನುಷ್ಯರ ಲಕ್ಷಣ ಅಲ್ಲ. ಒಳಗೆ ಎಂತದೋ ಕೂತಿದ್ದು.”

ಆಯಿ ಕೈಯಲ್ಲಿದ್ದ ಹತ್ತಿಯನ್ನು ಬುಟ್ಟಿಗೆ ಹಾಕಿದಳು. “ಹೌದನೇ ಕೂಸೆ? ಮಾಣಿ ಮಾಡಿದ್ದು ಖರೆಯಾ?”

“ಖರೆ, ಅತ್ತೆ. ಎಂಗೆ ಮುಟ್ಟಲೆ ಆಗ್ತಿಲ್ಲೆ.”

ಸುಳ್ಳು ಹೇಳಬಹುದಿತ್ತು. ಮಾಣಿ ಯಾವಾಗಲೂ ಹೀಗೇ ಎಂದು ನಕ್ಕುಬಿಡಬಹುದಿತ್ತು; ಎಲ್ಲರೂ ನಂಬುತ್ತಿದ್ದರು. ಅವಳು ಹಾಗೆ ಮಾಡಲಿಲ್ಲ.

ಸಂಜೆಯೊಳಗೆ ಎಲ್ಲ ನಿಶ್ಚಯವಾಯಿತು. ಸಿದ್ದಾಪುರದ ಮೋಟಾರಿನವರ ಕೈಯಲ್ಲಿ ಅವಳ ಅಪ್ಪನಿಗೆ ಹೇಳಿಕಳಿಸುವುದು. ಅವರು ಬಂದು ಕರೆದುಕೊಂಡು ಹೋಗಿ, ಬಲ್ಲವರಿಂದ ಯಂತ್ರ ಕಟ್ಟಿಸುವುದು. ಗುಣವಾದ ಮೇಲೆ ಯಲ್ಲಾಪುರದ ಮಾತು. ಗುಣವಾಯಿತೆಂದು ಹೇಳುವವರು ಯಾರು, ಯಾವಾಗ ಎಂದು ಯಾರೂ ಕೇಳಲಿಲ್ಲ. ದೆವ್ವ ಹಿಡಿದವಳೆಂದು ಒಮ್ಮೆ ತವರಿಗೆ ಹೋದ ಹೆಣ್ಣು ತಿರುಗಿ ಬರುವ ದಾರಿ ಎಷ್ಟು ಉದ್ದ ಎಂಬುದು ನನಗೂ ಗೊತ್ತಿತ್ತು. ರಾತ್ರಿ ಅತ್ತಿಗೆಯೇ ಬಡಿಸಿದಳು. ಅನ್ನ ಹಾಕಿದಳು, ಹುಳಿ ಹಾಕಿದಳು, “ಇನ್ನು ಬೇಕಾ” ಎಂದಳು. ‘ತಮಾ’ ಎನ್ನಲಿಲ್ಲ. ಆ ಒಂದು ಪದ ಇಲ್ಲದ ಅನ್ನವನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಮರುದಿನ ಜಗಲಿಯಲ್ಲಿ ಎಲ್ಲರ ಮುಂದೆ ಹೇಳಿದೆ: “ಆಯಿ, ಹೆದರಿಕೆ ಎಲ್ಲರಿಗೂ ಇರ್ತು. ಎಂಗೂ ಇದ್ದು.”

“ನಿಂಗೆ ಎಂತದರ ಹೆದರಿಕೆ?”

“ಕೋಳಿ.”

ಇದು ನಿಜ. ಕಾರಣ ಕೇಳಬೇಡಿ. ಕೋಳಿ ನನ್ನನ್ನು ಕುಕ್ಕಿಲ್ಲ, ಅಟ್ಟಿಸಿಕೊಂಡು ಬಂದಿಲ್ಲ. ನಮ್ಮಂಥವರ ಮನೆಯಲ್ಲಿ ಕೋಳಿ ಸಾಕುವುದಿಲ್ಲ, ಹಾಗಾಗಿ ಹತ್ತಿರದಿಂದ ನೋಡಿದ್ದೇ ಕಡಿಮೆ. ಅದು ಒಂದು ಕಣ್ಣಿನಲ್ಲಿ ನೋಡಿ, ನಂಬಿಕೆ ಬಾರದೆ ತಲೆ ತಿರುಗಿಸಿ ಇನ್ನೊಂದು ಕಣ್ಣಿನಲ್ಲಿ ನೋಡುತ್ತದಲ್ಲ, ಅಲ್ಲಿಗೆ ನನ್ನ ಕಥೆ ಮುಗಿಯುತ್ತದೆ. ಮೂಲೆಮನೆಯ ಡ್ರೈವರ್ ಸಾಹೇಬರ ಕೋಳಿಗಳಿಂದಾಗಿ ನಾನು ಶಾಲೆಗೆ ಕೆರೆ ಸುತ್ತಿ ಹೋಗುತ್ತಿದ್ದೆ. ನಾಯಿ, ಬೆಕ್ಕು, ಮಂಗಟ್ಟೆ ಹಕ್ಕಿ, ಎಲ್ಲದರ ಕೂಗು ನನ್ನ ಬಾಯಲ್ಲಿತ್ತು. ಕೋಳಿಯದು ಮಾತ್ರ ಇರಲಿಲ್ಲ. ಯಾರೂ ಅದನ್ನು ಗಮನಿಸಿರಲಿಲ್ಲ.

ಇದನ್ನೆಲ್ಲ ಹೇಳುತ್ತ ಹೇಳುತ್ತ ನಾನು ನಿಜಕ್ಕೂ ಜಗಲಿಯ ಕಂಬ ಹಿಡಿದುಕೊಂಡೆ. ಹೆಂಗಸರು ಹೊಟ್ಟೆ ಹಿಡಿದುಕೊಂಡರು. “ಅಯ್ಯೋ ಮಾಣಿ, ಕಂಬ ಹಿಡ್ಕಂಡಿದ್ದು ಪಸಂದಾತು, ಇನ್ನೊಂದ್ಸಲ ಮಾಡು!” ಖರೆ ಎಂದು ಆಣೆ ಹಾಕಿದರೆ ಆಣೆಗೂ ನಕ್ಕರು. ನಾಚಿಕೆಯ ಮಾತೆಂದರೆ, ಆ ಹೆದರಿಕೆಯಲ್ಲಿಯೂ ನನ್ನ ಒಂದು ಕಿವಿ ಆ ನಗುವನ್ನು ಸವಿಯುತ್ತಿತ್ತು.

ನಂಬಿಸಲು ಉಳಿದದ್ದು ಒಂದೇ ದಾರಿ. ಡ್ರೈವರ್ ಸಾಹೇಬರು ಯಲ್ಲಾಪುರದ ಗಾಡಿ ಓಡಿಸಿ ಮುಗಿಸಿ ಮನೆಗೆ ಬರುವುದನ್ನು ಕಾದು, ಅವರ ಬೇಲಿಯಿಂದ ಸಾಕಷ್ಟು ದೂರ ನಿಂತು ಕೂಗಿ ಕೇಳಿಕೊಂಡೆ.

“ಅರೇ ಭಟ್ರೇ,” ಎಂದರು ಅವರು, “ಹೆದರೋದಕ್ಕೆ ಕೋಳಿ ಕಡ ಕೇಳ್ತೀರಲ್ರೀ! ಅದೇನು ಮಾಡ್ತದೆ ನಿಮಗೆ? ಬಹಳ ಅಂದ್ರೆ ಮೊಟ್ಟೆ ಇಡ್ತದೆ.”

ಅತ್ತಿಗೆಯ ವಿಷಯ ಹೇಳಿದೆ. ಅವರ ನಗು ಇಳಿಯಿತು. “ನಾಳೆ ತರ್ತೀನಿ. ದೂರ ನಿಂತ್ಕೋತೀನಿ. ನೀವು ಗಟ್ಟಿಯಾಗಿರಬೇಕು.”

“ಗಟ್ಟಿಯಾಗಿದ್ರೆ ಪ್ರಯೋಜನ ಇಲ್ಲ ಸಾಹೇಬ್ರೇ.”

ಮರುದಿನ ಜಗಲಿ ತುಂಬಿತ್ತು. ಸಾಹೇಬರು ಬೀದಿಯ ಆಚೆ ಬದಿಯಲ್ಲಿ ಕಂಕುಳಲ್ಲಿ ಕೆಂಪು ಕೋಳಿ ಇಟ್ಟುಕೊಂಡು ನಿಂತರು. ನಾನು ಮೆಟ್ಟಿಲಿನ ಬಳಿ ನಿಂತೆ. ಒಂದಿಷ್ಟು ನಡುಗಿ, ಬೆವರು ತೋರಿಸಿ, ಮರ್ಯಾದೆಯಿಂದ ಮುಗಿಸುವುದು ನನ್ನ ಯೋಜನೆ. ಕೋಳಿ ಯಾಕೋ ರೆಕ್ಕೆ ಬಡಿದು ಕೆಳಗೆ ಹಾರಿತು. ಬೀದಿ ದಾಟಲಿಲ್ಲ, ನನ್ನ ಕಡೆ ಬರಲೂ ಇಲ್ಲ. ನಿಂತಲ್ಲೇ ನಿಂತು ಒಂದು ಕಣ್ಣಿನಲ್ಲಿ ನೋಡಿತು. ಆಮೇಲೆ ತಲೆ ತಿರುಗಿಸಿತು.

ಮುಂದಿನದು ನನಗೆ ಪೂರ್ತಿ ನೆನಪಿಲ್ಲ. ಕಿರುಚಿದ್ದು ನಾನೇ ಅಂತೆ. ಎಚ್ಚರವಾದಾಗ ನಾನು ಜಗಲಿಯ ಆ ತುದಿಯಲ್ಲಿ, ಮಡಿ ಅಜ್ಜಿಯ ಸೊಂಟವನ್ನು ಎರಡೂ ಕೈಯಿಂದ ಬಿಗಿದು, ಅವಳ ಬೆನ್ನಿಗೆ ಮುಖ ಒತ್ತಿಕೊಂಡಿದ್ದೆ. “ಬಿಡೋ! ಮುಟ್ಟಡ! ಹಾಳಾಗಿ ಹೋಗ!” ಎಂದು ಅವಳು ಕೂಗುತ್ತಿದ್ದಳು, ನಾನು ಬಿಡುತ್ತಿರಲಿಲ್ಲ. ಹತ್ತಾರು ವರ್ಷದಿಂದ ಆ ಅಜ್ಜಿಯನ್ನು ಮಡಿಯ ಹೊತ್ತಿನಲ್ಲಿ ಯಾರೂ ಮುಟ್ಟಿರಲಿಲ್ಲ. ನಟನೆಯಾಗಿದ್ದರೆ ಯಾವ ಹುಚ್ಚನೂ ಆ ಸೊಂಟವನ್ನು ಆರಿಸಿಕೊಳ್ಳುತ್ತಿರಲಿಲ್ಲ.

ಅದಕ್ಕೇ ಎಲ್ಲರೂ ನಂಬಿದರು. ನಂಬಿಯೂ ನಕ್ಕರು. ಆಯಿ ಕಣ್ಣೊರೆಸಿಕೊಂಡು, “ಅಯ್ಯೋ ಪಾಪ, ಮಾಣಿ ಖರೆ ಹೆದರಿದ್ದ, ಒಂದು ಲೋಟ ನೀರು ಕೊಡಿ” ಎಂದಳು. ಸಾಹೇಬರು ಕೋಳಿ ಎತ್ತಿಕೊಂಡು ತಲೆ ತಗ್ಗಿಸಿ ಹೊರಟುಹೋದರು. ನೀರು ತಂದುಕೊಟ್ಟದ್ದು ಅತ್ತಿಗೆ. ಕುಡಿದು ಮುಖ ಎತ್ತಲಾಗದೆ ಕೂತೆ. ನನ್ನ ಮಾನ ಹೋಯಿತು, ಅವಳದು ಉಳಿಯಿತು ಎಂದುಕೊಂಡೆ.

ಅಷ್ಟರಲ್ಲಿ ಅಜ್ಜಿ ಇನ್ನೊಂದು ಸ್ನಾನ ಮುಗಿಸಿ, ಒದ್ದೆ ಸೀರೆಯಲ್ಲಿ ತಿರುಗಿ ಬಂದಳು. ನನ್ನನ್ನು ದುರುಗುಟ್ಟಿ ನೋಡಿ, ಮಣೆಯನ್ನು ಇನ್ನೂ ಆಚೆ ಎಳೆದುಕೊಂಡಳು. “ಹುಡುಗು ಬುದ್ಧಿ, ದೊಡ್ಡಾದ ಮೇಲೆ ಹೋಗ್ತು,” ಎಂದಳು. ಆಮೇಲೆ ಆಯಿಯ ಕಡೆ ತಿರುಗಿ, “ಅದು ಹೋಗ್ಲಿ. ನಿನ್ನ ಸೊಸೆಯ ಅಪ್ಪ ಯಾವಾಗ ಬತ್ತ? ಇಂಥದ್ದನ್ನ ಮನೆಲಿ ಇಟ್ಕಂಡು ಹರಕೆ ತೀರ್ಸದಲ್ಲ,” ಎಂದಳು.

ನಾನು ಪಟ್ಟ ಪಾಡೆಲ್ಲ ನೀರಿಗೆ ಹೋಯಿತು. ಬಾಯಿ ತೆರೆದೆ. ಊರನ್ನೆಲ್ಲ ಮಾತಾಡಿಸಿದ ಬಾಯಲ್ಲಿ ನನ್ನದೇ ಆದ ಒಂದು ಮಾತು ಬರಲಿಲ್ಲ.

ಮಾತಾಡಿದ್ದು ಅತ್ತಿಗೆ. ಕೇರಿಯ ಹಿರಿಯರ ಎದುರು ಸೊಸೆಯೊಬ್ಬಳು ಹಾಗೆ ಮಾತಾಡಿದ್ದನ್ನು ನಮ್ಮ ಜಗಲಿ ಅದುವರೆಗೆ ಕೇಳಿರಲಿಲ್ಲ. ಅದಾದ ಮೇಲೆ ಆಯಿ ಯಂತ್ರದ ಸುದ್ದಿ ಎತ್ತಲಿಲ್ಲ. ತ್ಯಾಗಲಿಗೆ ಹೇಳಿಕಳಿಸಲೂ ಇಲ್ಲ. ಬತ್ತಿಯನ್ನು ಉಳಿದವರು ಹೊಸೆದರು, ತುಪ್ಪ ಕಾಸಿದ್ದು ಅತ್ತಿಗೆ. ಕಾರ್ತಿಕ ಕಳೆದದ್ದೇ ಅವಳು ಟ್ರಂಕಿನೊಡನೆ ಯಲ್ಲಾಪುರದ ಮೋಟಾರು ಹತ್ತಿದಳು, ಈಗಲೂ ಅಲ್ಲೇ ಇದ್ದಾಳೆ. ಅವಳ ಆ ಮಾತನ್ನು ಮಾತ್ರ ನಾನು ಇವತ್ತಿನವರೆಗೂ ಅವಳ ದನಿಯಲ್ಲಿ ಮಾಡಿ ತೋರಿಸಿಲ್ಲ. ಬಾಗಿಲ ಚೌಕಟ್ಟಿಗೆ ಕೈಯಾನಿಸಿ ನಿಂತು, ದನಿ ಏರಿಸದೆ, ಅವಳು ಹೇಳಿದ್ದು ಇಷ್ಟು:

“ಅಜ್ಜಿ, ಕೋಳಿ ಕಂಡು ಅಂವ ನಿಂಗಳ ಸೊಂಟ ಹಿಡ್ಕಂಡ, ಅದು ಹೆದರಿಕೆ ಹೇಳಿ ಎಲ್ಲರೂ ನಕ್ಕಿ. ಹತ್ತಿ ಕಂಡು ಆನು ಮೂಲೆಲಿ ಕೂತ್ಕಂಡಿ, ಅದಕ್ಕೆ ನಿಂಗ ದೆವ್ವ ಹೇಳ್ತಿ. ಈ ದೆವ್ವ ಗಂಡಸರನ್ನ ಕಂಡ್ರೆ ಹೆದರ್ತಾ ಹೆಂಗೆ?”