ಡ್ರೈವರ್ ಬರೋತನಕ

ಇವತ್ತು ಬೆಳಿಗ್ಗೆ ಬಳ್ಳಾರಿಯಿಂದ ಮಾಮ ಫೋನ್ ಮಾಡಿದರು. ಲ್ಯಾಪ್‌ಟಾಪ್ ಹಚ್ಚಿದರೆ ಡ್ರೈವರ್ ಇಲ್ಲ ಅಂತ ತೋರಿಸುತ್ತಿದೆಯಂತೆ. ಆ ಮಾತು ಕಿವಿಗೆ ಬಿದ್ದದ್ದೇ ತಡ, ಅವರ ಮನೆಯ ಕಾದ ಕಬ್ಬಿಣದ ಗೇಟು ನೆನಪಾಗಿ ನನ್ನ ಅಂಗೈ ಚುರ್ರೆಂದಿತು.

ನಾನು ಸಣ್ಣವಳಿದ್ದಾಗ ನಮ್ಮ ಬಳಗದಲ್ಲೆಲ್ಲ ಮಾಮನ ಹೊಸ ಕಂಪ್ಯೂಟರಿನದೇ ಮಾತು. ಅದರಲ್ಲಿ ಆಟ ಆಡಬೇಕೆಂದೇ ಅವ್ವನ ಜೊತೆ ಸಿರುಗುಪ್ಪದಿಂದ ಬಸ್ಸಿನಲ್ಲಿ ಅವರ ಮನೆಗೆ ಹೋಗಿದ್ದೆ. ಮಾಮ ನನ್ನ ಚಪ್ಪಲಿ ಹೊರಗೆ ಬಿಡಿಸಿ, ಕಂಪ್ಯೂಟರಿನ ಮೇಲಿನ ಕಸೂತಿ ಬಟ್ಟೆ ಸರಿಸಿ, ಊದಿನಕಡ್ಡಿ ಬೆಳಗಿ ಸ್ವಿಚ್ ಒತ್ತಿದರು. ಹಸಿರು ಅಕ್ಷರಗಳು ಮೂಡಿ ಹಾಗೇ ನಿಂತುಬಿಟ್ಟವು.

"ಡ್ರೈವರ್ ಇಲ್ಲವ್ವ. ಅವ ಬರೋತನಕ ಇದು ಚಾಲೂ ಆಗಂಗಿಲ್ಲ," ಎಂದರು.

ನನಗೆ ಗೊತ್ತಿದ್ದ ಡ್ರೈವರೆಂದರೆ ನಮ್ಮ ಬಸ್ಸಿನ ಖಾಕಿ ಅಂಗಿಯವನು.

"ನಾ ಗೇಟಿನ್ಯಾಗ ನಿಂತು ನೋಡ್ತೀನಿ," ಎಂದೆ. ಮಾಮ ಬೇಡವೆನ್ನಲಿಲ್ಲ. ಅವ್ವ ಕೊಟ್ಟ ಶೇಂಗಾ ಉಂಡಿಯನ್ನು ಅವನಿಗೆಂದೇ ಉಳಿಸಿಕೊಂಡು ಬಿಸಿಲಲ್ಲಿ ಕಾದೆ. ಬೆಲ್ಲ ಕರಗಿ ಅಂಗೈಗೆ ಅಂಟಿತು.

ಒಳಗಿನಿಂದ ಕೀಂ ಕೀಂ ಸದ್ದು ಕೇಳಿತು. ಓಡಿಹೋಗಿ ನೋಡಿದರೆ ಮಾಮನ ಮಕ್ಕಳಿಬ್ಬರೂ ಆಟಕ್ಕೆ ಕೂತಿದ್ದರು.

"ಡ್ರೈವರ್ ಯಾವ ಬಾಗಿಲಿಂದ ಬಂದ?" ಎಂದೆ.

ಮಾಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದು ಮನುಷ್ಯ ಅಲ್ಲಲೇ ಹುಚ್ಚಿ, ಫ್ಲಾಪಿಯೊಳಗ ಇರ್ತೈತಿ. ನೀ ಗೇಟಿಗೆ ಹೋದ ಕೂಡ್ಲೆ ಹಾಕಿದೆ."

ಅಷ್ಟಕ್ಕೆ ನಾನು ಅಳುತ್ತಿರಲಿಲ್ಲ. ಚಹಾದ ಬಟ್ಟಲು ಹಿಡಿದು ಅವ್ವನೂ ಅಲ್ಲೇ ಕೂತು ನಗುತ್ತಿದ್ದಳು. ಅವಳಿಗೂ ಎಲ್ಲ ಗೊತ್ತಿತ್ತು.

ಫೋನಿನಲ್ಲಿ ಮಾಮ ಇನ್ನೂ ಕೇಳುತ್ತಲೇ ಇದ್ದರು: "ಏನ್ ಮಾಡ್ಲವ್ವಾ ಈಗ?"

"ಗೇಟಿನ್ಯಾಗ ನಿಂದರ್ರಿ ಮಾಮ," ಎಂದೆ. "ಬರ್ತಾನ."